ಎಂಟು ವರ್ಷದ ಬೆಕ್ಕಿಗೆ ಎಲ್‌ಕೆಜಿ

"ಬೆಕ್ಕಿಗೆ ಟ್ರೇನಿಂಗಾ? ಅದೇ ನಿನ್ನನ್ನ ಟ್ರೇನ್ ಮಾಡುತ್ತೆ ಬಿಡು!" ನಮ್ಮ ಆಫೀಸಿನಲ್ಲಿ ಈ ಮಾತು ಹೇಳದವರೇ ಇಲ್ಲ. ಮನೆಯಲ್ಲಾದರೆ ಗಾದೆಯೇ ರೆಡಿ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಬೆಕ್ಕಿನ ವಿಷಯದಲ್ಲಂತೂ ನಾನು ಈ ಗಾದೆಯನ್ನು ಒಪ್ಪೋದಿಲ್ಲ.

ನಮ್ಮ ಕರಿಯನಿಗೆ ಎಂಟು ವರ್ಷ. ಹುಟ್ಟಿ ಬೆಳೆದದ್ದು ಕುಂದಾಪುರದ ಹತ್ತಿರ, ಅಜ್ಜಿಯ ಮನೆಯಲ್ಲಿ. ಕಳೆದ ವರ್ಷ ಮೊಣಕಾಲಿನ ಆಪರೇಷನ್ ಆದ ಮೇಲೆ ಅಜ್ಜಿ ಬೆಂಗಳೂರಿಗೆ ಬಂದರು, ಜೊತೆಗೆ ಕರಿಯನೂ ಬಂದ. ಅಂಗಳ, ತೆಂಗಿನ ತೋಟ, ಹಂಚಿನ ಮಾಡು ಎಲ್ಲ ಬಿಟ್ಟು ಮೂರನೇ ಮಹಡಿಯ ಫ್ಲ್ಯಾಟ್. ಅಷ್ಟು ದೂರ ಬುಟ್ಟಿಯಲ್ಲಿ ಬಂದದ್ದಕ್ಕೋ ಏನೋ, ಕ್ಯಾರಿಯರ್ ಕಂಡರೆ ಸಾಕು, ಮಂಚದಡಿ ಮಾಯ. ವ್ಯಾಕ್ಸಿನ್ ಹಾಕಿಸಬೇಕೆಂದರೆ ಇಬ್ಬರು ಆಳು, ಒಂದು ಟವೆಲ್, ಆಮೇಲೆ ನಮ್ಮ ಕೈಗೆ ಡೆಟಾಲ್. ಹಾಗಾಗಿ ಶೇಕ್‌ಹ್ಯಾಂಡ್, ಹೈಫೈ ಎಲ್ಲ ಬದಿಗಿಟ್ಟು ಒಂದೇ ಪಾಠ ಆರಿಸಿಕೊಂಡೆ. ಬುಟ್ಟಿಯೊಳಗೆ ಅವನು ತಾನಾಗಿಯೇ ಹೋಗಿ ಕೂರಬೇಕು.

ಅಂದಹಾಗೆ, ಬೆಕ್ಕು ಕಲಿಯೋದು ಹೊಸ ಸುದ್ದಿಯೇನಲ್ಲ. 1898ರಲ್ಲೇ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ, ಹಸಿದ ಬೆಕ್ಕುಗಳನ್ನು ಚಿಲಕವಿದ್ದ ಪೆಟ್ಟಿಗೆಯೊಳಗೆ ಬಿಟ್ಟು, ಹೊರಗೆ ಆಹಾರ ಇಟ್ಟು ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದ. ಮೊದಲು ಪರಚಾಟ, ಕಚ್ಚಾಟ. ಹೇಗೋ ಚಿಲಕ ತೆರೆದುಕೊಂಡರೆ ಊಟ. ಮತ್ತೆ ಮತ್ತೆ ಮಾಡಿಸಿದಂತೆಲ್ಲ ಹೊರಬರುವ ಸಮಯ ಕಡಿಮೆಯಾಗುತ್ತಾ ಹೋಯಿತು. ಯಾವುದಕ್ಕೆ ಒಳ್ಳೆಯ ಫಲ ಸಿಗುತ್ತೋ ಅದನ್ನು ಪ್ರಾಣಿ ಮತ್ತೆ ಮಾಡುತ್ತೆ, ಇಷ್ಟೇ ಗುಟ್ಟು. ಬೆಕ್ಕುಗಳು ತಮ್ಮ ಹೆಸರನ್ನು ಗುರುತಿಸುತ್ತವೆ ಅಂತ 2019ರಲ್ಲಿ ಜಪಾನಿನ ಸಂಶೋಧಕರೂ ತೋರಿಸಿದರು. ಕರೆದರೆ ಬರುತ್ತವಾ ಅನ್ನೋದು ಬೇರೆ ಪ್ರಶ್ನೆ ಬಿಡಿ!

ಇದನ್ನೆಲ್ಲ ಅಜ್ಜಿಗೆ ಹೇಳಿದರೆ ನಕ್ಕುಬಿಟ್ಟರು. "ಅದಕ್ಕೆ ಎಂಥ ಕಲಿಸೂದು ಮಾರಾಯ, ಮೀನಿನ ಹಾರ್ನ್ ಕೇಂಡ್ರೆ ಸಾಕಲ್ದಾ?" ನಿಜ. ಕರಾವಳಿಯಲ್ಲಿ ಮೀನು ಮಾರುವವರ ಗಾಡಿ ರಸ್ತೆ ತಿರುವಿನಲ್ಲಿ ಹಾರ್ನ್ ಹೊಡೆದರೆ, ಬೀದಿಯ ಅಷ್ಟೂ ಬೆಕ್ಕುಗಳು ಗೇಟಿನ ಹತ್ತಿರ ಹಾಜರ್. ಯಾರೂ ಕಲಿಸದೆ ಕಲಿತದ್ದು. ಸದ್ದು ಬಂತು, ಮೀನು ಬಂತು. ನನಗೆ ಬೇಕಿದ್ದದ್ದು ಅಂಥದ್ದೇ ಒಂದು ಸಣ್ಣ ಹಾರ್ನ್.

ಪೇಟೆಯಲ್ಲಿ ಇದಕ್ಕೆಂದೇ ಕ್ಲಿಕ್ಕರ್ ಸಿಗುತ್ತೆ. ನಾನು ಬಳಸಿದ್ದು ಒತ್ತಿದರೆ ಟಿಕ್ ಅನ್ನುವ ಬಾಲ್‌ಪೆನ್. ಮೊದಲ ಮೂರು ದಿನ ಟಿಕ್ ಅನ್ನಿಸೋದು, ತಕ್ಷಣ ಒಂದು ಚೂರು ಕೋಳಿ ಕೊಡೋದು, ಅಷ್ಟೇ. ಬೇಯಿಸಿದ ಕೋಳಿಗೆ ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಅದನ್ನಂತೂ ಮರೆಯಬೇಡಿ. ಹಾಲನ್ನೂ ಇನಾಮು ಅಂದುಕೊಳ್ಳಬೇಡಿ, ಎಷ್ಟೋ ದೊಡ್ಡ ಬೆಕ್ಕುಗಳಿಗೆ ಅದು ಜೀರ್ಣವಾಗೋದಿಲ್ಲ.

ಆಮೇಲೆ ಬೆರಳು ಚಾಚಿದೆ. ಬೆಕ್ಕು ಮೂಸದೆ ಇರುತ್ತಾ? ಮೂಗು ತಾಗಿದ ಕ್ಷಣ ಟಿಕ್, ಕೋಳಿ. ಬೆರಳು ಹೋದ ಕಡೆ ಅವನೂ ಬರತೊಡಗಿದ. ಬುಟ್ಟಿಯ ಮುಚ್ಚಳ ತೆಗೆದು, ಅಜ್ಜಿಯ ಹಳೇ ಸೀರೆ ಹಾಸಿ, ಹಾಲ್‌ನಲ್ಲೇ ಇಟ್ಟೆ. ಪಕ್ಕದಲ್ಲಿ ಟಿಕ್, ಅಂಚಿನಲ್ಲಿ ಟಿಕ್, ಒಂದು ಕಾಲು ಒಳಗಿಟ್ಟರೆ ಟಿಕ್. ದಿನಕ್ಕೆ ಎರಡು ಸಲ, ಊಟಕ್ಕೆ ಮುಂಚೆ, ಮೂರೇ ನಿಮಿಷ. ಸ್ಟ್ಯಾಂಡ್‌ಅಪ್ ಮೀಟಿಂಗ್‌ಗಿಂತ ಚಿಕ್ಕದು, ಫಲ ಜಾಸ್ತಿ. ಮುಚ್ಚಳ ಹಾಕಿದ ದಿನ ಕೋಳಿಯನ್ನೂ ಮುಟ್ಟದೆ ಹೊರಟುಹೋದ. ಸರಿ, ಎರಡು ಹೆಜ್ಜೆ ಹಿಂದೆ. ಬಾಗಿಲು ಹಾಕಿದ್ದು ಮೊದಲು ಒಂದು ಸೆಕೆಂಡ್, ಆಮೇಲೆ ಐದು, ಆಮೇಲೆ ಅರ್ಧ ನಿಮಿಷ. ಕೊನೆಗೆ ಬುಟ್ಟಿ ಎತ್ತಿಕೊಂಡು ಲಿಫ್ಟ್‌ವರೆಗೆ ಹೋಗಿ ವಾಪಸ್. ಒಟ್ಟು ಆರು ವಾರ.

ನೀರು ಚಿಮುಕಿಸಿ ಬುದ್ಧಿ ಕಲಿಸಿ ಅಂತ ಒಬ್ಬರು ಸಲಹೆ ಕೊಟ್ಟಿದ್ದರು. ಅದರಿಂದ ಬೆಕ್ಕು ಕಲಿಯೋದು ನಿಮಗೆ ಹೆದರೋದನ್ನು ಮಾತ್ರ.

ಮಾರ್ಚ್‌ನಲ್ಲಿ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಕರಿಯ ಮತ್ತೆ ಮತ್ತೆ ತನ್ನ ಮರಳಿನ ಟ್ರೇಗೆ ಹೋಗಿ ಕೂತು ಮುಲುಕುತ್ತಿದ್ದ. ಮಲಬದ್ಧತೆ ಇರಬೇಕು ಅಂದರು ಅಮ್ಮ. ಟ್ರೇ ನೋಡಿದರೆ ಮರಳು ಪೂರ್ತಿ ಒಣಗಿತ್ತು, ಒಂದು ಹನಿ ಮೂತ್ರವಿಲ್ಲ. ಗಂಡು ಬೆಕ್ಕುಗಳ ಮೂತ್ರನಾಳ ತುಂಬಾ ಕಿರಿದು. ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಬೆಳಗಿನವರೆಗೆ ಕಾಯುವ ವಿಷಯವೇ ಅಲ್ಲ ಇದು. ಬುಟ್ಟಿ ಇಟ್ಟು ಪೆನ್ನು ಒತ್ತಿದೆ. ನೋವಿನಲ್ಲಿದ್ದವನು ಒಂದು ಕ್ಷಣ ನನ್ನನ್ನೇ ನೋಡಿ, ನಿಧಾನಕ್ಕೆ ಒಳಗೆ ಹೋಗಿ ಕೂತ. ಟವೆಲ್ ಇಲ್ಲ, ಪರಚಾಟ ಇಲ್ಲ. ಮುಕ್ಕಾಲು ಗಂಟೆಯೊಳಗೆ ಡಾಕ್ಟರ್ ಮುಂದಿದ್ದೆವು. ಕ್ಯಾತಿಟರ್ ಹಾಕಿ ಕಟ್ಟಿಕೊಂಡದ್ದನ್ನು ತೆಗೆದರು. ಆ ರಾತ್ರಿ ಅಜ್ಜಿ ಮಲಗಲೇ ಇಲ್ಲ.

ಮೂರನೇ ದಿನ ಮನೆಗೆ ಬಂದ. ಈಗ ಒಣ ಕಾಳಿನ ಬದಲು ನೀರಿನಂಶ ಹೆಚ್ಚಿರುವ ಊಟ, ಮೂರು ಕಡೆ ನೀರಿನ ಬಟ್ಟಲು. ಆಸ್ಪತ್ರೆಯ ನೆನಪಿಗೆ ಬುಟ್ಟಿಯ ಮೇಲೆ ಮುನಿಸಿಕೊಂಡಿದ್ದ, ಮೊದಲ ಪಾಠದಿಂದ ಮತ್ತೆ ಶುರು ಮಾಡಿ ಎರಡು ವಾರದಲ್ಲಿ ರಾಜಿಯಾದೆವು. ತಿಂಗಳಿಗೊಮ್ಮೆ ತೂಕ ನೋಡಿ ಅಂದಿದ್ದಾರೆ ಡಾಕ್ಟರ್. ಹಾಗಾಗಿ ತೂಕದ ಯಂತ್ರದ ಮೇಲೆ ಅಲುಗಾಡದೆ ಕೂರೋದು ಈಗಿನ ಪಾಠ. ಪೆನ್ನು ಸದ್ಯಕ್ಕೆ ಅಜ್ಜಿಯ ಕೈಯಲ್ಲಿದೆ, ನನಗೆ ಕೊಡುತ್ತಿಲ್ಲ.