ಎದೆನೋವಾ? ಮೊದಲು 108ಕ್ಕೆ ಫೋನ್ ಮಾಡಿ

ರಾತ್ರಿ ಎರಡು ಗಂಟೆ. ಯಜಮಾನರು ಹಾಸಿಗೆಯಲ್ಲಿ ಎದ್ದು ಕೂತಿದ್ದಾರೆ. ಎದೆ ಮೇಲೆ ಕಲ್ಲು ಹೇರಿದ ಹಾಗಿದೆಯಂತೆ, ಮೈಯೆಲ್ಲಾ ಬೆವರು. ‘ಗ್ಯಾಸ್ ಇರಬೇಕು ಕಣೇ, ಒಂಚೂರು ಜೀರಿಗೆ ಕಷಾಯ ಮಾಡು’ ಅಂತಾರೆ. ನೀವು ಕಷಾಯ ಕೊಟ್ಟು, ಅರ್ಧ ಗಂಟೆ ಕಾದು, ಮೈದುನನಿಗೆ ಫೋನ್ ಮಾಡಿ, ಅವನು ಕಾರು ತರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿರುತ್ತದೆ. ಹತ್ತಿರದ ನರ್ಸಿಂಗ್ ಹೋಮ್‌ಗೆ ಹೋದರೆ ‘ಇಲ್ಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ’ ಎಂಬ ಉತ್ತರ. ಮತ್ತೆ ಓಟ!

ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುವುದೇ ಹೃದಯಾಘಾತ. ರಕ್ತ ಸಿಗದ ಭಾಗ ಸಾಯುತ್ತಾ ಹೋಗುತ್ತದೆ. ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಆಸ್ಪತ್ರೆ ತಲುಪಿದ 90 ನಿಮಿಷದೊಳಗೆ ಬಲೂನ್ ಹಾಕಿ ನಾಳ ಬಿಡಿಸಬೇಕು ಅನ್ನುವುದು ವೈದ್ಯರ ಗುರಿ. ಅದಕ್ಕೆ ಬೇಕಾದ ಕ್ಯಾಥ್ ಲ್ಯಾಬ್ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ದೊಡ್ಡಾಸ್ಪತ್ರೆ ದೂರವಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಗ ಬೀಳಬೇಕು.

ಆಂಬುಲೆನ್ಸ್ ಯಾಕೆ?

ಆಂಬುಲೆನ್ಸ್ ಅಂದರೆ ಬರೀ ಗಾಡಿ ಅಲ್ಲ. ಅದರಲ್ಲಿ ಆಕ್ಸಿಜನ್ ಇರುತ್ತದೆ, ತರಬೇತಿ ಪಡೆದವರು ಇರುತ್ತಾರೆ. ದಾರಿಯಲ್ಲೇ ಇಸಿಜಿ ತೆಗೆದು ಮೊದಲೇ ಕಳಿಸಿದರೆ, ರೋಗಿ ಬಾಗಿಲಿಗೆ ಬರುವ ಹೊತ್ತಿಗೆ ಡಾಕ್ಟರು, ನರ್ಸು ಎಲ್ಲ ಸಜ್ಜಾಗಿರುತ್ತಾರೆ. ರಾತ್ರಿ ಹೊತ್ತು ಕ್ಯಾಥ್ ಲ್ಯಾಬಿನವರನ್ನು ಮನೆಯಿಂದ ಕರೆಸಬೇಕಾದಾಗಲಂತೂ ಇದು ತುಂಬಾ ಮುಖ್ಯ. ಇಸಿಜಿ ಇಲ್ಲದ ಗಾಡಿಯಾದರೂ ಚಿಂತೆಯಿಲ್ಲ, ‘ಆಸ್ಪತ್ರೆಗೆ ಮುಂಚೆ ತಿಳಿಸಿ’ ಎಂದು ಕೇಳಿಕೊಳ್ಳಿ.

ನಮ್ಮ ರಾಜ್ಯದಲ್ಲಿ 108 ಸೇವೆ ಶುರುವಾಗಿದ್ದು 2008ರಲ್ಲಿ. 2021ರಲ್ಲಿ 46ನೇ ವಯಸ್ಸಿಗೇ ನಮ್ಮನ್ನಗಲಿದ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆಯನ್ನೂ ತಂದಿದೆ. ಯೋಜನೆಗೆ ಸೇರಿದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡಾಸ್ಪತ್ರೆಯ ತಜ್ಞರು ಕೂಡಲೇ ನೋಡುತ್ತಾರೆ. ಬೇಕೆನಿಸಿದರೆ ದುಬಾರಿಯಾದ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಆಮೇಲೆ ಆಂಬುಲೆನ್ಸಿನಲ್ಲಿ ಮುಂದಿನ ಚಿಕಿತ್ಸೆಗೆ ಕಳಿಸುತ್ತಾರೆ. ಊರಲ್ಲಿರುವ ಅಪ್ಪ ಅಮ್ಮನಿಗೂ ಇದನ್ನು ತಿಳಿಸಿ.

ನೀವು ಮಾಡಬೇಕಾದ್ದು

* ನೋವು ಶುರುವಾದ ಸಮಯ ನೋಡಿಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.

* 108ಕ್ಕೆ ‘ಎದೆನೋವು, ಬೆವರು’ ಎಂದು ಸ್ಪಷ್ಟವಾಗಿ ಹೇಳಿ. ವಿಳಾಸದ ಜತೆ ಗುರುತಿನ ಜಾಗವನ್ನೂ ಹೇಳಿ.

* ರೋಗಿಯನ್ನು ನಡೆಸಬೇಡಿ, ಮೆಟ್ಟಿಲು ಇಳಿಸಬೇಡಿ, ಗಾಡಿ ಓಡಿಸಲಂತೂ ಬಿಡಲೇಬೇಡಿ. ಒಬ್ಬರು ಗೇಟಿನ ಹತ್ತಿರ ನಿಂತಿರಲಿ.

* ಡಾಕ್ಟರು ಹೇಳದೆ ಯಾವ ಮಾತ್ರೆಯನ್ನೂ ಕೊಡಬೇಡಿ. ದಿನಾ ತಗೊಳ್ಳುವ ಮಾತ್ರೆಗಳ ಚೀಟಿ, ಹಳೆಯ ಇಸಿಜಿ ಜತೆಗೆ ಒಯ್ಯಿರಿ.

* ಆಂಬುಲೆನ್ಸ್ ತಡವಾಗುತ್ತದೆ ಎಂದರೆ ಸಿಕ್ಕ ವಾಹನದಲ್ಲಿ ಹೊರಡಿ. ಆದರೆ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ.

* 24 ಗಂಟೆಯೂ ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆ ಯಾವುದು? ಇವತ್ತೇ ವಿಚಾರಿಸಿ, ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿ.

ಕೊನೆಗೊಂದು ಮಾತು. ಆ ತೊಂದರೆ ನಿಮಗೇ ಬಂದರೆ? ಹೆಂಗಸರಲ್ಲಿ ಎದೆನೋವಿಗಿಂತ ಉಬ್ಬಸ, ವಾಕರಿಕೆ, ಬೆನ್ನು ಅಥವಾ ದವಡೆ ನೋವು, ವಿಪರೀತ ಸುಸ್ತೇ ಎದ್ದು ಕಾಣಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ನೋವು ಗೊತ್ತಾಗದೆಯೂ ಇರಬಹುದು. ‘ಅಡುಗೆ ಮುಗಿಸಿ ನೋಡೋಣ’ ಅನ್ನಬೇಡಿ. ಒಲೆ ಆರಿಸಿ, ಮನೆಯವರನ್ನು ಎಬ್ಬಿಸಿ, ಫೋನ್ ತಗೊಳ್ಳಿ. ಅಡುಗೆ ನಾಳೆಯೂ ಮಾಡಬಹುದು!