ತಿದ್ದಿದ ಮುಖಗಳು: ಸಂಶೋಧನೆಗೊಂದು ವಿಷಯ

ಪ್ರೌಢಪ್ರಬಂಧವನ್ನು ಬರೆಯುವುದಕ್ಕಿಂತ ಅದಕ್ಕೆ ತಕ್ಕ ವಿಷಯವನ್ನು ಆರಿಸಿಕೊಳ್ಳುವುದೇ ಕಷ್ಟವೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ನನ್ನ ಮನೆಯಿರುವುದು ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಣ ಮಾಚೇನಹಳ್ಳಿಯಲ್ಲಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಓದುವ ಹುಡುಗ ಹುಡುಗಿಯರು ದಾರಿಯಲ್ಲಿ ಬಸ್ಸಿಳಿದು ಬಂದು, ‘ಸಾರ್, ಈ ವಿಷಯ ಆದೀತೆ?’ ಎಂದು ಕೇಳುವುದುಂಟು. ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬರುತ್ತಿರುವ ಶೀರ್ಷಿಕೆಯೊಂದಿದೆ: ‘ಫ್ಯಾಷನ್ ಛಾಯಾಗ್ರಹಣ ಮತ್ತು ಚಿತ್ರಗಳ ತಿದ್ದುಪಡಿ: ಸಮಾಜದ ಮೇಲೆ ಅವುಗಳ ಪರಿಣಾಮ.’

ಇದು ವಿಷಯಗಳ ಸಂತೆ. 1911ರಲ್ಲಿ ಎಡ್ವರ್ಡ್ ಸ್ಟೈಕೆನ್ ಪ್ಯಾರಿಸಿನಲ್ಲಿ ಪಾಲ್ ಪ್ವಾರೆಯ ಉಡುಪುಗಳ ಚಿತ್ರ ತೆಗೆದದ್ದು ಇದರೊಳಗೆ ಬರುತ್ತದೆ. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನೀಸ್ 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿಗೆ ಮುಖ ಕೊಟ್ಟದ್ದೂ ಬರುತ್ತದೆ. 1990ರಲ್ಲಿ ಮಾರಾಟಕ್ಕೆ ಬಂದ ಫೋಟೋಶಾಪ್ ಎಂಬ ತಂತ್ರಾಂಶವೂ ಬರುತ್ತದೆ. ಇಷ್ಟನ್ನೂ ತಲೆಯ ಮೇಲೆ ಹೊತ್ತವರು ಕೊನೆಗೆ ನೂರು ಮಂದಿಗೆ ಪ್ರಶ್ನಾವಳಿ ಹಂಚಿ, ‘ಜಾಹೀರಾತುಗಳು ನಿಮ್ಮ ಮೇಲೆ ಪರಿಣಾಮ ಬೀರುತ್ತವೆಯೆ?’ ಎಂದು ಕೇಳುತ್ತಾರೆ. ಹೌದೆಂದು ಉತ್ತರ ಬರುತ್ತದೆ. ಹೌದೆಂಬುದು ಕೇಳುವ ಮೊದಲೇ ಗೊತ್ತಿತ್ತಲ್ಲವೆ?

ಗೊತ್ತಿದೆಯೆಂದು ನಾವು ತಿಳಿದದ್ದು ತಲೆಕೆಳಗಾಗುವುದೂ ಉಂಟು. ಮಾಡೆಲ್‌ಗಳ ಮೈಯನ್ನು ತೆಳ್ಳಗೆ ಅಥವಾ ದಪ್ಪಗೆ ತೋರುವಂತೆ ತಿದ್ದಿದ ಜಾಹೀರಾತುಗಳ ಮೇಲೆ ‘ತಿದ್ದಿದ ಛಾಯಾಚಿತ್ರ’ ಎಂದು ಅಚ್ಚು ಹಾಕಬೇಕೆಂಬ ನಿಯಮ ಫ್ರಾನ್ಸಿನಲ್ಲಿ 2017ರ ಅಕ್ಟೋಬರಿನಿಂದ ಜಾರಿಗೆ ಬಂತು. ಎಚ್ಚರಿಕೆಯ ಮಾತು ಕಂಡರೆ ಹೆಣ್ಣುಮಕ್ಕಳು ತಮ್ಮ ದೇಹವನ್ನು ಆ ಚಿತ್ರದೊಡನೆ ಹೋಲಿಸಿಕೊಂಡು ಕೊರಗುವುದು ತಪ್ಪೀತೆಂಬುದು ಅದರ ಹಿಂದಿನ ಎಣಿಕೆ. ಆದರೆ ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞೆ ಮರಿಕಾ ಟಿಗಮನ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಪ್ರಯೋಗಗಳಲ್ಲಿ ಅಂಥ ಸೂಚನೆಗಳಿಂದ ಕೊರಗು ತಗ್ಗಿದ್ದು ಕಂಡುಬರಲಿಲ್ಲ. ಸಣ್ಣ ಪ್ರಶ್ನೆಯೊಂದನ್ನು ಸರಿಯಾಗಿ ಕೇಳಿದ್ದರಿಂದ ಬಂದ ಫಲ ಇದು.

ಹಾಗಾದರೆ ನಮ್ಮ ವಿದ್ಯಾರ್ಥಿ ಕೇಳಬಹುದಾದ ಸಣ್ಣ ಪ್ರಶ್ನೆ ಯಾವುದು? ಪ್ಯಾರಿಸಿನ ಪತ್ರಿಕೆಗಳ ಮೂಲಪ್ರತಿಗಳು ಆತನ ಕೈಗೆ ಸಿಕ್ಕುವಂಥವಲ್ಲ. ನಮ್ಮ ಊರುಗಳಲ್ಲಿ ಫ್ಯಾಷನ್ ಚಿತ್ರವೆಂದು ಕರೆಯಬಹುದಾದದ್ದು ಹುಟ್ಟಿದ್ದು ಸ್ಟುಡಿಯೋಗಳಲ್ಲಿ. ಬಣ್ಣ ಬಳಿದ ಪರದೆ, ಮರದ ಸ್ಟೂಲು, ಅತ್ತೆಯಿಂದಲೋ ಪಕ್ಕದ ಮನೆಯಿಂದಲೋ ಎರವಲು ತಂದ ಸರ, ಪೆಟ್ಟಿಗೆಯಿಂದ ತೆಗೆದ ರೇಷ್ಮೆ ಸೀರೆ. ಗಂಡಿನ ಕಡೆಯವರಿಗೆ ಕಳುಹಿಸಲೆಂದು ತೆಗೆಸುತ್ತಿದ್ದ ಆ ಚಿತ್ರಕ್ಕೆ ‘ಟಚಿಂಗ್’ ಎಂಬುದು ಇದ್ದೇ ಇತ್ತು.

ಆ ಕೆಲಸದ ಬಗೆಯನ್ನು ತುಸು ವಿವರಿಸಬೇಕು. ನೆಗೆಟಿವಿನಲ್ಲಿ ಬೆಳಕು ಕತ್ತಲೆಗಳು ಅದಲುಬದಲಾಗಿರುತ್ತವೆ. ಮುಖದ ಮೇಲಿನ ಮೊಡವೆಯ ಕಲೆ, ಸಿಡುಬಿನ ಗುಳಿಯ ನೆರಳು, ಕಣ್ಣಡಿಯ ಕಪ್ಪು, ಇವೆಲ್ಲ ಅಲ್ಲಿ ತಿಳಿಯಾದ ಚುಕ್ಕೆಗಳಾಗಿ ಕಾಣುತ್ತವೆ. ಟಚಿಂಗ್ ಮಾಡುವವನು ನೆಗೆಟಿವಿಗೆ ಪೆನ್ಸಿಲು ಹಿಡಿಯುವಂತೆ ರಾಳದ ದ್ರವವೊಂದನ್ನು ಸವರಿ, ಇಳಿಜಾರಾದ ಡೆಸ್ಕಿನ ಮಬ್ಬುಗಾಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬೀಳಿಸಿ, ಸೂಜಿಯಂತೆ ಹೆರೆದ ಪೆನ್ಸಿಲಿನಿಂದ ಆ ಚುಕ್ಕೆಗಳನ್ನು ತುಂಬುತ್ತಿದ್ದ. ಪೆನ್ಸಿಲು ಬಿದ್ದೆಡೆ ಬೆಳಕು ಕಡಿಮೆ ಹಾಯುವುದರಿಂದ ಕಾಗದದ ಮೇಲೆ ಆ ಜಾಗ ಬೆಳ್ಳಗಾಗುತ್ತದೆ. ಕಪ್ಪಾಗಿಸಬೇಕಾದರೆ ಚಾಕುವಿನ ತುದಿಯಿಂದ ಲೇಪವನ್ನು ಹೆರೆಯಬೇಕು. ಅದು ಅಪಾಯದ ಕೆಲಸ, ಕೈ ತಪ್ಪಿದರೆ ನೆಗೆಟಿವೇ ಹಾಳು. ಎಂದರೆ, ಬೆಳ್ಳಗೆ ಮಾಡುವುದು ಆ ಉಪಕರಣದ ಸ್ವಭಾವದಲ್ಲೇ ಇತ್ತು. ಮೈಬಣ್ಣ ತಿಳಿಗೊಳಿಸುವ ಪ್ರಸಿದ್ಧ ಕ್ರೀಮು ಭಾರತದ ಪೇಟೆಗೆ ಬಂದದ್ದು 1975ರಲ್ಲಿ. ಪೆನ್ಸಿಲು ಅದಕ್ಕಿಂತ ಬಹಳ ಹಿರಿಯದು.

ಇಲ್ಲೊಂದು ತೊಡಕಿದೆ, ವಿಷಯದ ಸ್ವಾರಸ್ಯವಿರುವುದೂ ಅಲ್ಲಿಯೇ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಅದನ್ನು ಕತ್ತಲೆ ಕೋಣೆಯಲ್ಲಿ ಕೆಂಪು ದೀಪದಡಿ ತೊಳೆಯಲು ಸಾಧ್ಯವಾಗುತ್ತಿದ್ದುದು ಅದರಿಂದಲೇ. ಕೆಂಪು ಬೆರೆತ ಕಂದು ಚರ್ಮ ಅಂಥ ಫಿಲ್ಮಿನಲ್ಲಿ ಇದ್ದದ್ದಕ್ಕಿಂತ ಕಪ್ಪಾಗಿ, ಕಲೆಗಳು ಎದ್ದು ಕಾಣುವಂತೆ ಮೂಡುತ್ತಿತ್ತು. ಮುಂದೆ ಬಣ್ಣದ ಫಿಲ್ಮು ಬಂದಾಗಲೂ ಕೊಡಾಕ್ ಸಂಸ್ಥೆ ವರ್ಣಸಮತೋಲಕ್ಕಾಗಿ ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದ ಮಾದರಿ ಚಿತ್ರದಲ್ಲಿ ಬಹುಕಾಲ ಇದ್ದವಳು ಬಿಳಿಯ ಹೆಣ್ಣು. ಆ ಚಿತ್ರಕ್ಕೆ ‘ಶರ್ಲಿ’ ಎಂಬ ಹೆಸರೇ ನಿಂತಿತು. ಹೀಗಿರುವಾಗ ನಮ್ಮ ಊರಿನ ಪೆನ್ಸಿಲು ಫಿಲ್ಮಿನ ಸುಳ್ಳನ್ನು ತಿದ್ದುತ್ತಿತ್ತೊ, ಗಂಡಿನ ಕಡೆಯವರ ಆಸೆಯನ್ನು ಪೂರೈಸುತ್ತಿತ್ತೊ?

ಇದು ಪ್ರಬಂಧಕ್ಕೆ ಯೋಗ್ಯವಾದ ಪ್ರಶ್ನೆ, ಏಕೆಂದರೆ ಇದನ್ನು ಪರೀಕ್ಷಿಸಿ ನೋಡಬಹುದು. ಒಂದೇ ಸ್ಟುಡಿಯೋದ, ಒಂದೇ ಕಾಲದ ನೆಗೆಟಿವುಗಳನ್ನು ತೆಗೆದುಕೊಳ್ಳಿ. ಬೆಳಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲಿನ ಗೀಟುಗಳು ಹೊಳೆಯುತ್ತವೆ. ಫಿಲ್ಮಿನ ದೋಷವಷ್ಟೇ ಕಾರಣವಾಗಿದ್ದರೆ ಗಂಡಸರ ಮುಖದ ಮೇಲೂ ಅಷ್ಟೇ ಪೆನ್ಸಿಲು ಓಡಿರಬೇಕು. ಮದುವೆಯ ಹೆಣ್ಣುಗಳ ಮುಖದ ಮೇಲೆ ಹೆಚ್ಚು, ಅರ್ಜಿಗೆ ಅಂಟಿಸುವ ಚಿತ್ರಗಳ ಮೇಲೆ ಕಡಿಮೆ ಓಡಿದ್ದರೆ, ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಇದು ಬರಿಯ ತಂತ್ರದ ಕುತೂಹಲವಲ್ಲ. ‘ಫೋಟೊದಲ್ಲಿ ಬೆಳ್ಳಗಿದ್ದಳು, ನೋಡಿದರೆ ಹೀಗೆ’ ಎಂಬ ಮಾತನ್ನು ಕೇಸರಿಬಾತು ತಿಂದು ಕೈ ತೊಳೆದ ಮೇಲೆ ಆಡಿ ಹೋದವರಿದ್ದಾರೆ. ತಿದ್ದಲು ಹೇಳಿದವನು ಅಪ್ಪ, ತಿದ್ದಿದವನು ಸ್ಟುಡಿಯೋದವನು, ಮೋಸಗಾತಿಯೆನಿಸಿಕೊಂಡವಳು ಒಳಗೆ ನಿಂತ ಹುಡುಗಿ. ಅವಳನ್ನು ಯಾರೂ ಕೇಳಿರಲಿಲ್ಲ.

ಕಾಲ ಮಾತ್ರ ಹೆಚ್ಚು ಉಳಿದಿಲ್ಲ. ಪೆನ್ಸಿಲು ಆಡಲು ದೊಡ್ಡ ನೆಗೆಟಿವು ಬೇಕು. 35 ಮಿಲಿಮೀಟರಿನ ಫಿಲ್ಮಿನಲ್ಲಿ ಮುಖವೇ ಕಡಲೆಯಷ್ಟು. ಹೀಗಾಗಿ ಸಣ್ಣ ಕ್ಯಾಮೆರಾ, ಬಣ್ಣದ ಫಿಲ್ಮುಗಳು ಹಬ್ಬಿದಂತೆ ಈ ವಿದ್ಯೆ ಹಿಂದೆ ಸರಿಯಿತು. ಬಲ್ಲವರು ವೃದ್ಧರಾಗಿದ್ದಾರೆ. ಕಪ್ಪುಬಿಳುಪಿನ ನೆಗೆಟಿವಿನಲ್ಲಿ ಬೆಳ್ಳಿಯಿರುವುದರಿಂದ ತೂಕಕ್ಕೆ ಹಾಕಿ ಮಾರಿದವರೂ ಉಂಟು.

ಸಿಕ್ಕಿದವುಗಳನ್ನು ಬಳಸುವಾಗಲೂ ಎಚ್ಚರ ಬೇಕು. ಆ ಹೆಣ್ಣುಮಕ್ಕಳಲ್ಲಿ ಹಲವರು ಇಂದು ಇದೇ ಊರುಗಳಲ್ಲಿ ಅಜ್ಜಿಯರಾಗಿದ್ದಾರೆ. ಮುಖವನ್ನು ಪ್ರಬಂಧದಲ್ಲಿ ಅಚ್ಚು ಹಾಕುವ ಮೊದಲು ಅವರ ಒಪ್ಪಿಗೆ ಬೇಕು. ಅದು ಸಿಕ್ಕದಿದ್ದರೆ ಕೆನ್ನೆಯ ಒಂದು ಅಂಗುಲವನ್ನಷ್ಟೇ ದೊಡ್ಡದು ಮಾಡಿ ತೋರಿಸಿದರೂ ಪೆನ್ಸಿಲಿನ ಗೀಟುಗಳನ್ನು ಎಣಿಸಲು ಸಾಕು.