ಮೊಜಾಂಬಿಕ್‌ನ ಸಾಲ, ಬ್ರೂಕ್ಲಿನ್‌ನ ತೀರ್ಪು

ಟ್ಯೂನಾ ಮೀನು ಹಿಡಿಯುವ ದೋಣಿ, ಕರಾವಳಿ ಕಾವಲು, ಹಡಗು ರಿಪೇರಿ. ಈ ಮೂರು ನೆಪಗಳಲ್ಲಿ 2013–14ರಲ್ಲಿ ಆಫ್ರಿಕದ ಮೊಜಾಂಬಿಕ್ ದೇಶದ ತಲೆಯ ಮೇಲೆ ಸುಮಾರು 200 ಕೋಟಿ ಡಾಲರ್ ಸಾಲ ಬಿತ್ತು. ಸಾಲ ಎತ್ತಿಕೊಟ್ಟದ್ದು ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವೀಸ್ ಮತ್ತು ರಷ್ಯಾದ ವಿಟಿಬಿ ಬ್ಯಾಂಕುಗಳು. ಸರ್ಕಾರದ ಪರವಾಗಿ ಜಾಮೀನಿಗೆ ಸಹಿ ಹಾಕಿದವರು ಆಗಿನ ಹಣಕಾಸು ಸಚಿವ ಮ್ಯಾನುಯೆಲ್ ಚಾಂಗ್. ಸಂಸತ್ತಿನ ಒಪ್ಪಿಗೆಯೇ ಇರಲಿಲ್ಲ.

ಮುಚ್ಚಿಟ್ಟ ಸಾಲ 2016ರಲ್ಲಿ ಬಯಲಾಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯೂ ದಾನಿ ದೇಶಗಳೂ ನೆರವು ನಿಲ್ಲಿಸಿದವು, ನಾಣ್ಯದ ಬೆಲೆ ಕುಸಿಯಿತು. ಹೊರೆ ಹೊತ್ತವರು ಆ ದೋಣಿಗಳನ್ನು ಕಂಡೂ ಇರದ ಬಡವರು.

2018ರ ಡಿಸೆಂಬರ್‌ನಲ್ಲಿ ಅಮೆರಿಕದ ಕೋರಿಕೆಯಂತೆ ಚಾಂಗ್ ಅವರನ್ನು ಜೊಹಾನ್ಸ್‌ಬರ್ಗ್‌ನಲ್ಲಿ ಬಂಧಿಸಲಾಯಿತು. ಬ್ರೂಕ್ಲಿನ್‌ನ ನ್ಯಾಯಾಲಯದಲ್ಲಿ ಅವರು ತಪ್ಪಿತಸ್ಥರೆಂದು ತೀರ್ಮಾನವಾದದ್ದು 2024ರಲ್ಲಿ. ಆದರೆ ಅಲ್ಲಿನ ಆರೋಪಪಟ್ಟಿಯ ತಿರುಳು ಹೂಡಿಕೆದಾರರಿಗೆ ಆದ ವಂಚನೆ. ಮೊಜಾಂಬಿಕ್‌ನ ಜನರಿಗೆ ಆದ ದ್ರೋಹವನ್ನು ಅಪರಾಧವೆಂದು ವಿಚಾರಿಸುವ ಅಧಿಕಾರ ಆ ನ್ಯಾಯಾಲಯಕ್ಕಿಲ್ಲ. ದೋಣಿ ಪೂರೈಸಿದ ಪ್ರಿವಿನ್ವೆಸ್ಟ್ ಕಂಪನಿಯ ಅಧಿಕಾರಿಯೊಬ್ಬರು 2019ರಲ್ಲಿ ಅಲ್ಲಿಯೇ ಖುಲಾಸೆಯಾದರು; ಈ ಪ್ರಕರಣಕ್ಕೂ ತಮ್ಮ ಊರಿಗೂ ನಂಟೇ ಕಾಣಲಿಲ್ಲ ಎಂದು ಜ್ಯೂರಿಯವರು ಆಮೇಲೆ ಹೇಳಿದರು. ಮೊಜಾಂಬಿಕ್‌ನ ರಾಜಧಾನಿ ಮಪುಟೊದಲ್ಲೂ ಮೊಕದ್ದಮೆ ನಡೆದು, 2022ರಲ್ಲಿ ಮಾಜಿ ಅಧ್ಯಕ್ಷರ ಮಗನಿಗೆ 12 ವರ್ಷ ಶಿಕ್ಷೆಯಾಯಿತು. ಅದು ಸಣ್ಣ ಸಾಧನೆಯಲ್ಲ. ಆದರೂ ವಿದೇಶಿ ಬ್ಯಾಂಕಿನವರು ಆ ಕಟಕಟೆಗೆ ಬರಲಿಲ್ಲ.

2003ರ ವಿಶ್ವಸಂಸ್ಥೆ ಒಪ್ಪಂದ ಭ್ರಷ್ಟಾಚಾರವನ್ನು ಶಿಕ್ಷಿಸುವ ಹೊಣೆಯನ್ನು ಆಯಾ ದೇಶಕ್ಕೇ ಬಿಟ್ಟಿದೆ. ಭಾರತ 2011ರಲ್ಲಿ ಅದನ್ನು ಅನುಮೋದಿಸಿತು. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ವಿಚಾರಿಸುವ ನಾಲ್ಕು ಅಪರಾಧಗಳಲ್ಲಿ ಭ್ರಷ್ಟಾಚಾರಕ್ಕೆ ಜಾಗವಿಲ್ಲ. ಅದಕ್ಕೆ ಪ್ರತ್ಯೇಕ ನ್ಯಾಯಾಲಯವೇ ಬೇಕು ಎಂದು ಅಮೆರಿಕದ ಮಾಜಿ ನ್ಯಾಯಾಧೀಶ ಮಾರ್ಕ್ ವುಲ್ಫ್ 2014ರಿಂದ ವಾದಿಸುತ್ತಿದ್ದಾರೆ.

ನಾನು ಆ ವಾದದ ಪರ. ತಾಲ್ಲೂಕು ಕಚೇರಿಯ ಲಂಚಕ್ಕೆ ಇಂಥ ನ್ಯಾಯಾಲಯ ಬೇಡ. ಆಳುವವರು ಗಡಿಯಾಚೆಯ ಬ್ಯಾಂಕುಗಳ ಜೊತೆ ಸೇರಿ ಇಡೀ ದೇಶವನ್ನು ದೋಚಿ, ಅಲ್ಲಿನ ನ್ಯಾಯಾಲಯದ ಕೈ ಕಟ್ಟಿದ್ದರೆ ಅದು ಎಲ್ಲರ ವಿರುದ್ಧದ ಅಪರಾಧವೇ. ಆಫ್ರಿಕದವರನ್ನಷ್ಟೇ ಹಿಡಿಯುತ್ತದೆ ಎಂಬ ದೂರು ಹೇಗ್‌ನ ನ್ಯಾಯಾಲಯದ ಮೇಲೆ ಹಲವು ವರ್ಷಗಳಿಂದ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಅದಕ್ಕೇ ಲಂಚ ತಿಂದವರ ಪಕ್ಕದಲ್ಲಿ ಕೊಟ್ಟವರೂ, ದಾರಿ ಮಾಡಿಕೊಟ್ಟ ಬ್ಯಾಂಕಿನವರೂ ನಿಲ್ಲಬೇಕು.

ಇನ್ನು ಹಣದ ಮಾತು. 2021ರಲ್ಲಿ ಕ್ರೆಡಿಟ್ ಸ್ವೀಸ್ ಅಮೆರಿಕ, ಬ್ರಿಟನ್‌ಗಳ ಅಧಿಕಾರಿಗಳಿಗೆ ಸುಮಾರು 47.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಮೊಜಾಂಬಿಕ್‌ಗೆ ಆಗ ಮನ್ನಾ ಆದದ್ದು 20 ಕೋಟಿ ಡಾಲರ್ ಸಾಲ. ಅಂಥ ನ್ಯಾಯಾಲಯ ಬಂದರೆ, ದಂಡದಲ್ಲಿ ಮೊದಲ ಪಾಲು ದೋಚಿಸಿಕೊಂಡ ಜನರಿಗೆ ಎಂದು ಅದರ ಕಾನೂನಿನಲ್ಲೇ ಬರೆದಿರಬೇಕು.